ಶನಿವಾರದ ದಮ್ಮು

ಆಳಂದ
20 ಅಕ್ಟೋಬರ್ 2024

ಅಪ್ಪನಿಗೆ,

ಪತ್ರವನ್ನು ‘ನಾವೆಲ್ಲ ಕ್ಷೇಮ’ ಎಂದು ಶುರು ಮಾಡಬೇಕಂತೆ, ಅವ್ವ ಹೇಳಿದಳು. ಕ್ಷೇಮವಿದ್ದಿದ್ದರೆ ನೀನು ಅಂಗಡಿ ಬಿಟ್ಟು ಘತ್ತರಗಿಯಲ್ಲಿ ಮದೀನಾಬಿ ಅತ್ತೆಯ ಮನೆಯಲ್ಲಿ ಯಾಕೆ ಕೂತಿರುತ್ತಿದ್ದೆ? ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ.

ಫೋನಿಗಿಂತ ಕಾಗದ ವಾಸಿ ಎಂದು ನೀನು ಹೇಳಿದ್ದು ಸರಿ. ಮೊನ್ನೆ ಫೋನು ಮಾಡಿದಾಗ ನೀನು “ಹಾಂ, ಗುಲ್ಲೂ” ಎಂದೆ. ಆಮೇಲೆ ಬರೀ ಕೆಮ್ಮು. ಕಡೆಗೆ ಅತ್ತೆ ಫೋನು ಕಸಿದುಕೊಂಡು, “ಸಾಕು ಮಾಡು ಬೇ, ನಿಮ್ಮಪ್ಪನ ಜೀವಾ ಹೋಗ್ತದ” ಎಂದಳು. ಕಾಗದಕ್ಕೆ ದಮ್ಮು ಬೇಕಾಗಿಲ್ಲ. ನೀನು ನಿಧಾನವಾಗಿ ಬರೆ, ನಾನು ನಿಧಾನವಾಗಿ ಓದುತ್ತೇನೆ. ನಿಧಾನ ನನಗೆ ಒಗ್ಗದ ಕೆಲಸ ಎಂಬುದು ನಿನಗೆ ಗೊತ್ತೇ ಇದೆ.

ಮಷಿನ್ ನಿಲ್ಲಬಾರದು ಎಂಬ ಷರತ್ತು ಹಾಕಿ ನೀನು ಬಸ್ಸು ಹತ್ತಿದೆ. ನಿಲ್ಲಿಸಿಲ್ಲ. ದೀಪಾವಳಿ ಮುಗಿದರೆ ಲಗ್ನಗಳು ಶುರು. ಈಗಿನಿಂದಲೇ ಹಳೆಯ ಗಾದಿಗಳು ಬರುತ್ತಿವೆ. ಬಿಚ್ಚುತ್ತೇನೆ, ಗಂಟುಗಟ್ಟಿದ ಹತ್ತಿಯನ್ನು ಮಷಿನ್ನಿನ ಬಾಯಿಗೆ ಕೊಡುತ್ತೇನೆ, ಅದು ಹಿಂಜಿ ಅರಳೆ ಮಾಡಿ ಎಸೆಯುತ್ತದೆ. ಜೇವರ್ಗಿಯಿಂದ ಹೊಸ ಹತ್ತಿಯ ಎರಡು ಅಂಡಿಗೆ, ಆಳೆತ್ತರದ ಮೂಟೆಗಳು, ಬಂದಿವೆ. ಅವ್ವ ಹೊಲಿಯುತ್ತಾಳೆ. ಶಾಲೆಯ ಬೆಂಚಿಗಿಂತ ನನಗೆ ಇದೇ ಮೇಲು. ಇಲ್ಲಿ ಮಾಡಿದ್ದು ಕಣ್ಣೆದುರು ಉಬ್ಬಿ ನಿಲ್ಲುತ್ತದೆ. ಹತ್ತನೆಯ ಪರೀಕ್ಷೆಯಲ್ಲಿ ಕಿಟಕಿಯಿಂದ ಬಂದ ಚೀಟಿ ಮುಟ್ಟದೆ ನಾನು ಫೇಲಾಗಿ ಮನೆಗೆ ಬಂದ ದಿನ ನೀನು ಬೈಯಲಿಲ್ಲ. “ನಮ್ಮ ಗುಲ್ಲುನ ಬಾಯಾಗ ಸುಳ್ಳು ನಿಲ್ಲಂಗಿಲ್ಲ, ಮಷಿನ್ನಿನ ಬಾಯಾಗ ಗಂಟು ನಿಲ್ಲಂಗಿಲ್ಲ. ಇಬ್ರೂ ಕೂಡಿ ದುಡೀರಿ” ಎಂದು ನಕ್ಕಿದ್ದೆ. ಅದು ನೆನಪಿಗೆ ಬರುತ್ತಿರುತ್ತದೆ.

ಒಂದು ಬದಲಾವಣೆ ಆಗಿದೆ, ಮುಚ್ಚಿಡುವುದಿಲ್ಲ. ಅವ್ವ ಶುಕ್ರವಾರ ಅಂಗಡಿ ಮುಚ್ಚಿಸುತ್ತಿದ್ದಾಳೆ. ಮೊದಲು ಶುಕ್ರವಾರ ರಜೆ ಇದ್ದಾಗ ಶನಿವಾರ ಬಂತೆಂದರೆ ನಿನಗೆ ಎದೆಯ ಮೇಲೆ ಯಾರೋ ಕೂತಂತೆ ಆಗುತ್ತಿತ್ತು. ಕೆಲಸ ಮಾಡುತ್ತಾ ಹೋದ ಹಾಗೆ, ಸೋಮವಾರ ಮಂಗಳವಾರದ ಹೊತ್ತಿಗೆ ಸಡಿಲಾಗುತ್ತಿತ್ತು. “ಸುಮ್ನ ಕುಂತ್ರ ಕಬ್ಬಿಣಕ್ಕ ಹಿಡದಂಗ ಎದಿಗಿ ಜಂಗು ಹಿಡೀತದ” ಎಂದು ನೀನು ರಜೆಯನ್ನೇ ತೆಗೆದುಹಾಕಿದೆ. ಜುಮ್ಮಾ ನಮಾಜು ಮುಗಿಸಿ ನೇರ ಮಷಿನ್ನಿಗೆ. ನಾನೂ ಅದನ್ನು ನಂಬಿದ್ದೆ. ನಂಬದಿರಲು ಕಾರಣವೇನಿತ್ತು? ರಜೆ ತೆಗೆದ ಮೇಲೆ ಶನಿವಾರದ ದಮ್ಮು ಹೋದದ್ದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಎರಡು ವರ್ಷದ ನಂತರ ಅದು ವಾರದ ಎಲ್ಲಾ ದಿನಗಳಿಗೂ ಹಬ್ಬಿಕೊಂಡು ಬಂತು.

ಕಲಬುರಗಿಯ ಡಾಕ್ಟರಮ್ಮ ಹತ್ತಿ ಪೂರ್ತಿ ಬಿಡಬೇಕು ಎಂದರು. ನೀನು ಮೂರು ತಿಂಗಳು ಎಂದೆ. ಮೂರು ತಿಂಗಳಾದರೂ ಹತ್ತಿಯ ಮುಖ ನೋಡಬೇಡ.

ನಿನ್ನ ಮಗಳು
ಗುಲನಾಜ


ಘತ್ತರಗಿ
3 ನವೆಂಬರ್ 2024

ಗುಲ್ಲೂ,

ನನ್ನದು ನಾಲ್ಕನೆಯ ಇಯತ್ತೆಯ ಅಕ್ಷರ. ಓದಲು ಬರದಿದ್ದರೆ ನಿನ್ನ ಅವ್ವನಿಗೆ ತೋರಿಸು, ಅವಳು ನನ್ನ ಮುಖ ಓದಿದವಳು.

ಇಲ್ಲಿ ಬೆಳಿಗ್ಗೆ ಭೀಮಾ ನದಿಯ ದಂಡೆಗೆ ಹೋಗಿ ಕೂರುತ್ತೇನೆ. ಭಾಗ್ಯವಂತಿ ದೇವಿಗೆ ಬಂದವರು ಮುಳುಗಿ ಎದ್ದು ಒದ್ದೆ ಬಟ್ಟೆಯಲ್ಲೇ ಗುಡಿಗೆ ಹೋಗುತ್ತಾರೆ. ನಿನ್ನ ಅತ್ತೆ ರೊಟ್ಟಿ ತಟ್ಟುತ್ತಾ ಒಲೆಯ ಮುಂದಿನಿಂದಲೇ ಕೂಗುತ್ತಾಳೆ: “ಉಸ್ರು ತೊಗೊ ಅಣ್ಣಾ, ಉಸ್ರು ತೊಗೊ. ಇಲ್ಲಿ ಗಾಳಿ ಪುಕ್ಕಟ ಅದ.” ಅವಳಿಗೆ ಹೆದರಿ ತೆಗೆದುಕೊಳ್ಳುತ್ತಿದ್ದೇನೆ. ಮಲಗಿದರೆ ಮೊದಲಿನಷ್ಟು ಕೆಮ್ಮು ಬರುವುದಿಲ್ಲ. ಗುಡಿಯ ಮೆಟ್ಟಿಲುಗಳ ತನಕ ನಿಲ್ಲದೆ ನಡೆದೆ.

ಮಷಿನ್ನಿನ ಬೇರಿಂಗಿಗೆ ಎಣ್ಣೆ ಬಿಡು. ಥಂಡಿ ಹಿಡಿದ ಹತ್ತಿಯನ್ನು ಹಾಗೇ ಹಾಕಬೇಡ, ಬಿಸಿಲಿಗೆ ಹರಡಿ ಬಡಿದು ಆಮೇಲೆ ಹಾಕು. ಕಪ್ಪು ಹಿಡಿದಿದ್ದರೆ ಇನ್ನೂ ಜೋರಾಗಿ ಬಡಿ. ಕೆಲಸ ಮುಗಿಸಿ ಬೆಲ್ಲ ತಿನ್ನುವುದನ್ನು ಬಿಡಬೇಡ. ಬೆಲ್ಲ ಗಂಟಲಿನ ಧೂಳನ್ನು ಎಳೆದುಕೊಂಡು ಇಳಿಯುತ್ತದೆ. ನನ್ನ ಅಪ್ಪ, ನಿನ್ನ ಮುತ್ಯಾ, ಅರವತ್ತು ದಾಟುವ ತನಕ ಹತ್ತಿ ಹಿಂಜುವ ಬಿಲ್ಲು ಬಡಿದದ್ದು ಬೆಲ್ಲದ ಬಲದಿಂದ.

ಮೊನ್ನೆ ಅತ್ತೆಯ ಗಂಡನ ಜೊತೆ ಗಾಣಗಾಪುರಕ್ಕೆ ಹೋಗಿದ್ದೆ. ಎಲ್ಲಿ ನೋಡಿದರೂ ಲಾಡ್ಜು. ಒಂದರಲ್ಲಿ ಚಹಾ ಕುಡಿಯಲು ಕೂತೆವು. ಗಾದಿಗಳನ್ನು ನೋಡಿದೆ. ಹಪ್ಪಳದ ಹಾಗಿವೆ. ಅವುಗಳ ಮೇಲೆ ಮಲಗಿದವರಿಗೆ ದತ್ತಾತ್ರೇಯನೇ ಗತಿ.

ಅಂಗಡಿಯ ಚಿಂತೆ ಬಿಟ್ಟರೆ ನನಗೆ ಬೇರೆ ಚಿಂತೆಯಿಲ್ಲ.

ನಿನ್ನ ಅಪ್ಪ


ಆಳಂದ
17 ನವೆಂಬರ್ 2024

ಅಪ್ಪನಿಗೆ,

ಈ ವಾರ ಎರಡು ಸಂಗತಿ ನಡೆದವು.

ಮೊದಲನೆಯದು ಹೀರಾಬಾಯಿಯದು. ಮಗಳ ಲಗ್ನಕ್ಕೆ ಎರಡು ಗಾದಿ, ನಾಲ್ಕು ದಿಂಬು ಹೇಳಿ ಹೋಗಿದ್ದರಲ್ಲ, ಬುಧವಾರ ಬಂದು ಬಾಗಿಲಲ್ಲೇ ನಿಂತರು. ಸೆರಗು ಮೂಗಿಗೆ.

“ನಿಮ್ಮಪ್ಪಗ ಟಿ.ಬಿ. ಅಂತಲ್ಲ?”

“ಟಿ.ಬಿ. ಇಲ್ಲರಿ. ಕಫಾ ಎರಡ್ ಸಲ ನೋಡ್ಯಾರ.”

“ಮತ್ತ ಊರ್ ಬಿಟ್ಟು ಯಾಕ ಹೋದ?”

“ಹತ್ತಿ ಧೂಳಿಂದ ಎದಿ ಕೆಟ್ಟದ್ರಿ.”

ಅವ್ವ ಹಿಂದಿನಿಂದ ನನ್ನ ಜಡೆ ಎಳೆದಳು. ಅಷ್ಟರಲ್ಲಿ ಅವರು, “ಅಂದ್ರ ಗಾದಿಂದ ಬರ್ತದೇನು? ನನ್ನ ಮಗಳು ಮಲಗಾಕಿ ಅದರ ಮ್ಯಾಲ” ಎಂದರು. ನಾನು, “ಮಲಗೋರಿಗಿ ಬರಂಗಿಲ್ಲರಿ, ಹಿಂಜೋರಿಗಿ ಬರ್ತದ” ಎಂದೆ. ಅವರು ಸೆರಗು ಇಳಿಸಿದರು. ಆಮೇಲೆ, “ಹಂಗಾದ್ರ ನೀ ಯಾಕ ಹಿಂಜಾಕತ್ತಿ, ಹುಚ್ಚಿ?” ಎಂದು ಕೇಳಿದರು. ಗಾದಿ ಬೇಡ ಎನ್ನಲಿಲ್ಲ. ಆದರೆ ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಅದಕ್ಕೇ ಎರಡನೆಯದು. ಗುರುವಾರ ಅವ್ವನಿಗೆ ಹೇಳಿ ಕಲಬುರಗಿಯ ಬಸ್ಸು ಹತ್ತಿದೆ. ನಿನ್ನ ಊದುವ ಪರೀಕ್ಷೆಯ ಕಾಗದ ಹಿಡಿದುಕೊಂಡು ಡಾಕ್ಟರ್ ಪಲ್ಲವಿಯವರ ಮುಂದೆ ಕೂತೆ. ನೆನಪಿದೆಯಲ್ಲ, ಅವರು “ಊದ್ರಿ, ಇನ್ನಾ ಊದ್ರಿ, ಬಿಡಬ್ಯಾಡ್ರಿ” ಎಂದು ಕೂಗುತ್ತಿದ್ದರು, ನೀನು ಕೊಳವೆ ಕಚ್ಚಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದೆ, ಕಾಗದದ ಮೇಲಿನ ಗೆರೆ ಮಾತ್ರ ಏರಲೇ ಇಲ್ಲ. ಆವತ್ತು ನಾವು ಕೇಳದೆ ಬಂದದ್ದನ್ನು ನಾನು ಕೇಳಿದೆ. ಧೂಳಿನಿಂದ ಆಗಿದ್ದರೆ ಕೆಲಸ ಮಾಡಿದಷ್ಟೂ ಹೆಚ್ಚಾಗಬೇಕು, ರಜೆಯ ಮರುದಿನವೇ ಯಾಕೆ ಬರುತ್ತದೆ, ಕೆಲಸ ಮಾಡಿದರೆ ಯಾಕೆ ಇಳಿಯುತ್ತದೆ ಎಂದು.

ಅವರು ಪೆನ್ನು ಕೆಳಗಿಟ್ಟರು. ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಹತ್ತಿಯ ಧೂಳೆಂದರೆ ಬರೀ ಹತ್ತಿಯಲ್ಲ. ಗಿಡದ ಎಲೆಯ ಪುಡಿ, ಹೊಲದ ಮಣ್ಣು, ಅವುಗಳ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಜೀವಿಗಳು. ಹಳೆಯ ಗಾದಿಯಾದರೆ ಬೂಸು, ಬೆವರು, ಹುಳದ ಹೊಟ್ಟು. ಆ ಜೀವಿಗಳು ಸತ್ತ ಮೇಲೂ ಅವುಗಳ ವಿಷ ಧೂಳಿನಲ್ಲಿ ಇರುತ್ತದೆ. ದಪ್ಪ ಧೂಳು ಮೂಗಿನಲ್ಲೇ ನಿಲ್ಲುತ್ತದೆ, ಬಿಸಿಲ ಕೋಲಿನಲ್ಲೂ ಕಾಣದಷ್ಟು ಸಣ್ಣದು ಎದೆಯ ತಳಕ್ಕೆ ಇಳಿಯುತ್ತದೆ. ದಿನಾ ಬಡಿಸಿಕೊಂಡ ಎದೆ ಮರಗಟ್ಟಿ ಸುಮ್ಮನಿರುತ್ತದೆ. ಒಂದು ದಿನ ಬಿಡುವು ಸಿಕ್ಕರೆ ಚೇತರಿಸಿಕೊಂಡು ಕಣ್ಣು ತೆರೆಯುತ್ತದೆ. ಮರುದಿನ ಅದೇ ಧೂಳು ಹೊಕ್ಕಾಗ ತಾಳದೆ ಬಿಗಿದುಕೊಳ್ಳುತ್ತದೆ.

ಅಂದರೆ ಶನಿವಾರದ ದಮ್ಮು ರಜೆಯ ತಪ್ಪಲ್ಲ. ಎದೆ ಇನ್ನೂ ಜೀವಂತವಿದೆ, ಇಲ್ಲಿಂದ ಎದ್ದು ಹೋಗು ಎಂದು ಕೂಗಿದ್ದು ಅದು. ನಾವು ರಜೆ ತೆಗೆದು ಅದರ ಬಾಯಿ ಮುಚ್ಚಿದೆವು.

ಬೆಲ್ಲದ ಮಾತೂ ಕೇಳಿದೆ. ಅವರು ನಗಲಿಲ್ಲ. “ಬೆಲ್ಲ ಹೋಗೋ ದಾರಿ ಬ್ಯಾರೆ, ಉಸ್ರು ಹೋಗೋ ದಾರಿ ಬ್ಯಾರೆ ನೋಡವ್ವ” ಎಂದರು. ಬಡಿಯುವಾಗ ನೀರು ಚಿಮುಕಿಸಿ ಸುಮ್ಮನಾಗುವುದಕ್ಕಿಂತ ಬಾಗಿಲು ತೆರೆದಿಡಿ, ಮೂಗಿಗೆ ಬಿಗಿಯಾದ ಮಾಸ್ಕ್ ಹಾಕಿ, ಅದಕ್ಕಿಂತ ಮೇಲು ಬಿಟ್ಟುಬಿಡುವುದು ಎಂದರು.

ಇದನ್ನೆಲ್ಲ ಕೇಳಿ ನಿನಗೆ ಬೇಸರವಾಗುತ್ತದೆ. ಆಗಲಿ. ನನಗೆ ಬಸ್ಸಿನಲ್ಲಿ ಬರುವಾಗಲೇ ಆಯಿತು.

ಗುಲನಾಜ


ಘತ್ತರಗಿ
1 ಡಿಸೆಂಬರ್ 2024

ಗುಲ್ಲೂ,

ನಿನ್ನ ಪತ್ರವನ್ನು ಅತ್ತೆಗೂ ಓದಿ ಹೇಳಿದೆ. ಹುಳದ ಹೊಟ್ಟು ಎಂದದ್ದಕ್ಕೆ ಅವಳು ತನ್ನ ಗಾದಿಯನ್ನು ಅಂಗಳಕ್ಕೆ ಎಳೆದು ಹಾಕಿದಳು.

ಡಾಕ್ಟರಮ್ಮ ಓದಿದವರು, ಇಲ್ಲವೆನ್ನುವುದಿಲ್ಲ. ಆದರೆ ಅವರು ಒಂದು ದಿನವೂ ಹತ್ತಿ ಹಿಂಜಿದವರಲ್ಲ. ನನ್ನ ಎದೆ ನನಗೆ ಗೊತ್ತು. ಸಾಕ್ಷಿ ಬೇಕೆಂದರೆ ಕೇಳು. ಇಲ್ಲಿ ಹತ್ತಿಯೂ ಇಲ್ಲ, ಮಷಿನ್ನೂ ಇಲ್ಲ. ಶುಕ್ರವಾರ ನಿನ್ನ ಅತ್ತೆ ನನ್ನನ್ನು ಎಲ್ಲಿಗೂ ಬಿಡುವುದಿಲ್ಲ, ನಮಾಜು ಮುಗಿಸಿ ಮನೆಯಲ್ಲೇ ಬಿದ್ದಿರುತ್ತೇನೆ. ನಿನ್ನೆ ಶನಿವಾರ ಮಧ್ಯಾಹ್ನದ ತನಕ ಅದೇ ದಮ್ಮು. ಎದೆಯ ಮೇಲೆ ಅಂಡಿಗೆ ಇಟ್ಟ ಹಾಗೆ. ಹಿಂದಿನ ಶನಿವಾರವೂ ಹಾಗೇ ಇತ್ತು, ಮಂಗಳವಾರದ ಹೊತ್ತಿಗೆ ಬಿಟ್ಟಿತು. ಹತ್ತಿಯೇ ಇಲ್ಲದ ಊರಲ್ಲಿ ಬಂತೆಂದರೆ ತಪ್ಪು ಯಾರದು? ಶುಕ್ರವಾರದ್ದು. ಇದನ್ನು ನಿನ್ನ ಡಾಕ್ಟರಮ್ಮನಿಗೆ ಹೇಳು.

ಅವ್ವನಿಗೆ ಹೇಳಿ ಅಂಗಡಿಯನ್ನು ಶುಕ್ರವಾರವೂ ತೆರೆಸು. ಹೀರಾಬಾಯಿಯ ಗಾದಿಗೆ ಹೊಸ ಹತ್ತಿಯನ್ನೇ ಹಾಕು. ಅವರ ಅತ್ತೆಯ ಲಗ್ನದ ಗಾದಿಯನ್ನೂ ನಮ್ಮ ಮನೆಯಲ್ಲೇ ಮಾಡಿದ್ದು.

ಗಾಣಗಾಪುರದಲ್ಲಿ ದತ್ತ ಜಯಂತಿಯ ಗದ್ದಲ ಶುರುವಾಗಿದೆ.

ನಿನ್ನ ಅಪ್ಪ


ಆಳಂದ
9 ಡಿಸೆಂಬರ್ 2024

ಅಪ್ಪನಿಗೆ,

ನಿನ್ನ ಪತ್ರ ಓದಿ ಮೊದಲು ನಾನು ಸೋತೆ ಎಂದುಕೊಂಡೆ. ಹತ್ತಿಯಿಲ್ಲದ ಊರಲ್ಲಿ ಶನಿವಾರದ ದಮ್ಮು ಬಂದರೆ ಡಾಕ್ಟರ್ ಹೇಳಿದ್ದು ಸುಳ್ಳಾಗಬೇಕು. ಎರಡು ದಿನ ಮಷಿನ್ನಿನ ಮುಂದೆ ನಿಂತು ಅದನ್ನೇ ಯೋಚಿಸಿದೆ. ಮೂರನೆಯ ದಿನ ಹೊಳೆಯಿತು.

ಕೆಲಸವೇ ಇಲ್ಲದವನಿಗೆ ಎಲ್ಲಾ ದಿನವೂ ಶುಕ್ರವಾರ. ಘತ್ತರಗಿಯಲ್ಲಿ ನಿನಗೆ ಶನಿವಾರ ಎಲ್ಲಿಂದ ಬಂತು?

ಅಟ್ಟಕ್ಕೆ ಏಣಿ ಹಾಕಿ ಹತ್ತಿದೆ. ಮುತ್ಯಾನ ಬಿಲ್ಲು ತೂಗುತ್ತಿದ್ದ ಗೂಟ ಬರಿದಾಗಿದೆ. ಅವ್ವನನ್ನು ಕೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ. “ಕೌದ್ಯಾಗ ಸುತ್ತಿಕೊಂಡು ಒಯ್ದಾನ. ನೋಡಿ ಸುಮ್ಮನಾದೆ” ಎಂದಳು. ಅವಳ ಮೇಲೆ ಸಿಟ್ಟು ಬಂತು. ಆಮೇಲೆ ಅವಳ ಕೈ ನೋಡಿದೆ. ದಾರ ಸೂಜಿಯೊಳಗೆ ಹೋಗುತ್ತಲೇ ಇರಲಿಲ್ಲ.

ಗಾಣಗಾಪುರದ ಹಪ್ಪಳದಂಥ ಗಾದಿಗಳು ಈಗ ಉಬ್ಬಿರಬೇಕು, ಅಲ್ಲವೇ?

ನಾನು ಬೈಯಲು ಬರೆಯುತ್ತಿಲ್ಲ. ನಿನಗೊಂದು ಹೇಳಬೇಕಾಗಿದೆ, ಅವ್ವನಿಗೂ ಹೇಳಿಲ್ಲ. ಅಂಗಡಿ ಶುಕ್ರವಾರ ಮುಚ್ಚಲು ಶುರುವಾದಾಗಿನಿಂದ ಶನಿವಾರ ಬೆಳಿಗ್ಗೆ ಮಷಿನ್ ಹಾಕಿದರೆ ಊಟದ ಹೊತ್ತಿಗೆ ನನಗೂ ಎದೆ ಬಿಗಿಯುತ್ತದೆ. ಮೊದಮೊದಲು ರವಿಕೆ ಬಿಗಿಯಾಯಿತು ಎಂದುಕೊಂಡೆ. ಸಡಿಲ ಅಂಗಿ ಹಾಕಿದೆ, ಆದರೂ ಬಿಗಿಯಿತು. ಮೊನ್ನೆ ಶನಿವಾರ ಅಂಡಿಗೆ ಬಿಚ್ಚಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಂತೆ. ನೀನು ಹಿಡಿಯುತ್ತಿದ್ದ ಜಾಗವೇ. ಅಲ್ಲಿ ಸುಣ್ಣ ಸವೆದು ನಿನ್ನ ಅಂಗೈಯ ಗುರುತು ಬಿದ್ದಿದೆ. ನನ್ನ ಕೈ ಅದರೊಳಗೆ ಸರಿಯಾಗಿ ಕೂತಿತು.

ನೀನು ಹೇಳಿದ ಹಾಗೆ ಶುಕ್ರವಾರವೂ ಮಷಿನ್ ಹಾಕಿದರೆ ಇದು ನಿಂತುಹೋಗುತ್ತದೆ, ನನಗೆ ಗೊತ್ತು. ನಿನಗೂ ನಿಂತಿತ್ತು. ಹಾಕಲೇ? ನೀನೇ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಗುಲನಾಜ


ಆಳಂದ
29 ಡಿಸೆಂಬರ್ 2024

ಅಪ್ಪನಿಗೆ,

ಉತ್ತರ ಬರಲಿಲ್ಲ. ಅತ್ತೆಗೆ ಫೋನು ಮಾಡಿದರೆ “ಮಲಗ್ಯಾನ, ಆಮ್ಯಾಲ ಮಾಡ್ತಾನ” ಎನ್ನುತ್ತಾಳೆ. ಅವಳಿಗೂ ಸುಳ್ಳು ಹೇಳಲು ಬರುವುದಿಲ್ಲ. ಹಿಂದೆ ಏನೋ ಗುಯ್‌ಗುಟ್ಟುವ ಸದ್ದು ಕೇಳುತ್ತಿತ್ತು, ಔಷಧದ ಹೊಗೆ ಬಿಡುವ ಯಂತ್ರದ್ದಿರಬೇಕು. ಆಸ್ಪತ್ರೆಯಲ್ಲಿ ಕೇಳಿದ್ದೇನೆ ಆ ಸದ್ದನ್ನು.

ಹೀರಾಬಾಯಿಯ ಗಾದಿ ಹೋದವು. ಅಂಗಡಿಯನ್ನು ಮೂರು ಶುಕ್ರವಾರವೂ ಮುಚ್ಚಿದೆವು.

ನಾನು ಕೇಳಿದ್ದಕ್ಕೆ ಹೂಂ ಅಥವಾ ಉಹೂಂ, ಒಂದೇ ಮಾತು ಬರೆದರೂ ಸಾಕು.

ಗುಲನಾಜ


ಘತ್ತರಗಿ
12 ಜನವರಿ 2025

ಗುಲ್ಲೂ,

ಉಹೂಂ.

ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಪೆನ್ನು ಹಿಡಿಯುವಷ್ಟು ಕೂರಲು ಆಗಿದ್ದು ಈ ವಾರ.

ನೀನು ಕಂಡುಹಿಡಿದದ್ದು ಸರಿ. ಗಾಣಗಾಪುರದ ಲಾಡ್ಜಿನ ಶಾಂತಲಿಂಗಪ್ಪ ಒಳ್ಳೆಯ ಮನುಷ್ಯ, ಅವನದೇನೂ ತಪ್ಪಿಲ್ಲ. ಚಹಾ ಕುಡಿಯುವಾಗ ನಾನೇ ಅವನ ಗಾದಿಯನ್ನು ಹಿಚುಕಿ ನೋಡಿ, “ಇವನ್ನ ಹೂವು ಮಾಡಿ ಕೊಡ್ತೇನ್ರಿ” ಎಂದೆ. ಅವನು, “ಪಿಂಜಾರ್ರೇ, ನಿಮ್ಮ ಮೈಯಾಗೇ ಅರಳಿ ಉಳದಿಲ್ಲ, ಗಾದಿಗೇನು ತುಂಬ್ತೀರಿ?” ಎಂದು ನಕ್ಕ. ಆ ಮಾತಿಗೆ ಹಟ ಬಂತು. ಅದಕ್ಕೂ ಮೊದಲೇ ಬಂದಿತ್ತು, ಇಲ್ಲದಿದ್ದರೆ ಬಿಲ್ಲು ಯಾಕೆ ತರುತ್ತಿದ್ದೆ? ನದಿಯ ದಂಡೆಯಲ್ಲಿ ಕೂತರೆ ನನ್ನ ಕೈಗಳು ತೊಡೆಯ ಮೇಲೆ ಸತ್ತ ಹಕ್ಕಿಗಳ ಹಾಗೆ ಬಿದ್ದಿರುತ್ತಿದ್ದವು. ಅವುಗಳನ್ನು ನೋಡಲಾಗುತ್ತಿರಲಿಲ್ಲ.

ಮಷಿನ್ನಿನ ಧೂಳು ಕೆಟ್ಟದ್ದು, ಬಿಲ್ಲಿನದು ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಲಾಡ್ಜಿನ ಹಿಂದಿನ ಖೋಲಿಯಲ್ಲಿ ಕೂತು ಬಡಿದೆ. ಸಂಗಮದಲ್ಲಿ ಮಿಂದು ಮಡಿಯಲ್ಲಿ ಬಂದ ಯಾತ್ರಿಕರ ಮೇಲೆ ಧೂಳು ಕೂರಬಾರದೆಂದು ಬಾಗಿಲು ಕಿಟಕಿ ಹಾಕಿಕೊಂಡೆ. ಆ ಗಾದಿಗಳು ಎಷ್ಟು ಜನರ ಬೆವರು ಕುಡಿದಿದ್ದವೋ, ಎಷ್ಟು ಮಳೆಗಾಲ ಕಂಡಿದ್ದವೋ. ಒಳಗೆ ಕಪ್ಪು ಬೂಸು. ಒಂದೊಂದು ಏಟಿಗೂ ಹೊಗೆಯ ಹಾಗೆ ಏಳುತ್ತಿತ್ತು.

ನಿನ್ನ ಪತ್ರ ದತ್ತ ಜಯಂತಿಯ ಹಿಂದಿನ ದಿನ ಕೈ ಸೇರಿತು. ಓದಿದೆ. ನಿನ್ನ ಕೈ ನನ್ನ ಅಂಗೈಯ ಗುರುತಿನಲ್ಲಿ ಕೂತಿತು ಎಂಬಲ್ಲಿಗೆ ಬಂದು ನಿಲ್ಲಿಸಿದೆ. ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಆದರೂ ಮರುದಿನ ಹೋದೆ. ಎರಡೇ ಗಾದಿ ಉಳಿದಿವೆ, ಮುಗಿಸಿ ಬಂದು ಉತ್ತರ ಬರೆಯೋಣ ಎಂದು. ಆವತ್ತು ಶನಿವಾರ.

ಮೊದಲನೆಯದು ಮುಗಿಯಲಿಲ್ಲ. ಉಸಿರು ಒಳಗೆ ಹೋಗಿದ್ದು ಹೊರಗೆ ಬರಲಿಲ್ಲ. ಬಾಗಿಲ ತನಕ ತೆವಳಿಕೊಂಡು ಹೋದೆ, ಚಿಲಕ ನಾನೇ ಹಾಕಿದ್ದು, ಕೈಗೆ ಎಟುಕಲಿಲ್ಲ. ಹೊರಗೆ ಓಣಿ ತುಂಬಾ ಜನ ದೇವರ ಹೆಸರು ಹೇಳುತ್ತಾ ಹೋಗುತ್ತಿದ್ದರು. ನಾನು ಕೂಗಬೇಕೆಂದರೆ ಕೂಗಲು ಗಾಳಿಯಿಲ್ಲ. ಬಿಲ್ಲಿನ ಬಡಿಗೆಯಿಂದ ಬಾಗಿಲು ಬಡಿದೆ. ಶಾಂತಲಿಂಗಪ್ಪ ಚಿಲಕ ಮುರಿದು ಒಳಗೆ ಬಂದ. ಅಫಜಲಪುರದ ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿ ಹಚ್ಚಿದ ಮೇಲೆ ಕಣ್ಣು ತೆರೆದೆ. ನಿಮಗೆ ಹೇಳಬಾರದೆಂದು ಅತ್ತೆಯಿಂದ ಆಣೆ ಹಾಕಿಸಿಕೊಂಡವನು ನಾನೇ. ಅವಳ ಮೇಲೆ ಸಿಟ್ಟಾಗಬೇಡ.

ನಿನ್ನ ಮುತ್ಯಾ ಕಡೆಯ ದಿನಗಳಲ್ಲಿ ಮಲಗಲಿಲ್ಲ, ಗೋಡೆಗೆ ಒರಗಿಕೊಂಡೇ ಹೋದ. ಊರಿಗೆಲ್ಲ ಗಾದಿ ಮಾಡಿದವನು. ನಾವು ವಯಸ್ಸಾಯಿತು ಎಂದೆವು. ನನಗೆ ಬಂದಾಗ ಜಂಗು ಎಂದೆ. ನನ್ನ ದಮ್ಮು ನನ್ನದು, ಅದರ ಜೊತೆ ನಾನು ಏನಾದರೂ ಮಾಡಿಕೊಳ್ಳುತ್ತೇನೆ ಎಂದು ತಿಳಿದಿದ್ದೆ. ಅದು ನಿನಗೂ ಬಂತು ಎಂದ ಮೇಲೆ ಅದಕ್ಕೆ ಇಡಲು ನನ್ನ ಬಳಿ ಇನ್ನೊಂದು ಹೆಸರಿಲ್ಲ.

ಈ ಲಕೋಟೆಯಲ್ಲಿ ಬಿಲ್ಲಿಗೆ ಬಿಗಿಯುವ ನರ ಇದೆ. ಇದಿಲ್ಲದೆ ಬಿಲ್ಲು ಬರೀ ಕಟ್ಟಿಗೆ. ಕಟ್ಟಿಗೆಯನ್ನು ಅತ್ತೆ ಬಟ್ಟೆ ಒಣಹಾಕಲು ಕಟ್ಟಿಕೊಂಡಿದ್ದಾಳೆ.

ಮಷಿನ್ ನಿಲ್ಲಿಸು. ಮೊದಲು ಹಾಕಿದ ಷರತ್ತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನಿನ್ನ ಅಪ್ಪ


ಆಳಂದ
27 ಜನವರಿ 2025

ಅಪ್ಪನಿಗೆ,

ನರ ಬಂತು. ಅವ್ವ ಅದನ್ನು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ಲಗ್ನವಾಗಿ ಬಂದ ಹೊಸತರಲ್ಲಿ ಬಿಲ್ಲಿನ ಸದ್ದಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ, ಆಮೇಲೆ ಅದಿಲ್ಲದಿದ್ದರೆ ಹತ್ತುತ್ತಿರಲಿಲ್ಲವಂತೆ. ಇಷ್ಟೇ ಹೇಳಿದಳು.

ಇದ್ದದ್ದನ್ನು ಬರೆಯುತ್ತೇನೆ. ನಿನ್ನ ಪತ್ರ ಬಂದ ದಿನವೇ ಮಷಿನ್ ನಿಲ್ಲಲಿಲ್ಲ. ಒಪ್ಪಿಕೊಂಡಿದ್ದ ಒಂದು ಲಗ್ನದ ಗಾದಿ ಬಾಕಿ ಇತ್ತು. ಹಿಂದಿನ ಬಾಗಿಲು ತೆಗೆದು, ಡಾಕ್ಟರ್ ಹೇಳಿದ ಮಾಸ್ಕ್ ಹಾಕಿಕೊಂಡು ಅದನ್ನು ಮುಗಿಸಿದೆ. ಆಮೇಲೆ ಮಷಿನ್ ತಿರುಗಿಸುವ ಪಟ್ಟಾ ಬಿಚ್ಚಿದೆ. ನೀನು ನರ ಕಳಿಸಿದ್ದಕ್ಕೆ ನಾನು ಪಟ್ಟಾ ಕಳಿಸಬೇಕು, ಆದರೆ ಅದು ಲಕೋಟೆಯಲ್ಲಿ ಹಿಡಿಯುವುದಿಲ್ಲ. ನೀನು ಬಂದಾಗ ನೋಡು. ಮುತ್ಯಾನ ಗೂಟಕ್ಕೆ ತೂಗುಹಾಕಿದ್ದೇನೆ.

ಇನ್ನು ಮುಂದೆ ಹಿಂಜಿದ ಅರಳೆ ಕೊಂಡು ತಂದು ಗಾದಿ, ಕೌದಿ ಹೊಲಿಯೋಣ ಎಂದು ಅವ್ವ ಹೇಳುತ್ತಾಳೆ. ಅದೂ ಯಾರದೋ ಎದೆಯೊಳಗಿಂದ ಹಾದು ಬಂದ ಅರಳೆ ಎಂದು ನಾನು ಹೇಳಿದೆ. ಅವಳು, “ನೀ ಹಿಂಗ ಮಾತಾಡಿದ್ರ ನಾವು ಉಪವಾಸ ಸಾಯ್ತೀವಿ” ಎಂದಳು. ಅವಳ ಮಾತೂ ಸುಳ್ಳಲ್ಲ. ಇದಕ್ಕೆ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಹತ್ತನೆಯ ಪರೀಕ್ಷೆಗೆ ಮತ್ತೆ ಕೂರು ಎಂದು ಡಾಕ್ಟರ್ ಪಲ್ಲವಿ ಹೇಳಿದರು. ಕೂರುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಅವರ ಬಳಿ ನಾನೂ ಊದಿದೆ. ಗೆರೆ ನಿನ್ನದಕ್ಕಿಂತ ಎತ್ತರ ಹೋಯಿತು, ನನ್ನ ವಯಸ್ಸಿಗೆ ಹೋಗಬೇಕಾದಷ್ಟು ಹೋಗಲಿಲ್ಲ. ಈಗ ಹತ್ತಿ ಬಿಟ್ಟರೆ ಉಸಿರು ಪೂರ್ತಿ ಮರಳಿ ಬರುತ್ತದೆ ಎಂದರು. ನಿನ್ನದನ್ನೂ ಕೇಳಿದೆ. ಹೋದದ್ದು ಬರುವುದಿಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳಬಹುದು ಎಂದರು. ನಿನಗೆ ಹೇಳಬೇಡ ಎಂದು ಅವ್ವ ಅತ್ತಳು. ನೀನು ತಿಳಿದುಕೊಳ್ಳದಿದ್ದರೆ ಇದ್ದಷ್ಟನ್ನೂ ಕಳೆಯುತ್ತೀ ಎಂದು ನಾನು ಬರೆಯುತ್ತಿದ್ದೇನೆ. ಸೇದುವ ಔಷಧವನ್ನು ಬಿಡಬೇಡ. ಅತ್ತೆಯ ಒಲೆಯ ಹತ್ತಿರ ಕೂರಬೇಡ, ಆ ಹೊಗೆಯೂ ನಿನಗೆ ಹತ್ತಿಯ ಧೂಳೇ. ರಂಜಾನಿಗೆ ಮೊದಲು ಮನೆಗೆ ಬಾ. ಅಂಗಡಿಯನ್ನು ನೀರು ಹಾಕಿ ತೊಳೆಯುತ್ತಿದ್ದೇವೆ. ಜಂತಿಗಳ ಮೇಲಿನಿಂದ ಇಳಿದ ಧೂಳು ಒದ್ದೆಯಾಗಿ ಬೂದು ಬಣ್ಣದ ಕಂಬಳಿಯ ಹಾಗೆ ಸುತ್ತಿಕೊಂಡು ಬರುತ್ತಿದೆ. ಮೆಟ್ಟಿಲ ಗೋಡೆಗೆ ಮಾತ್ರ ಸುಣ್ಣ ಹಚ್ಚಿಸಿಲ್ಲ.

ಇನ್ನು ನಾನು ಕಾಗದ ಬರೆಯುವುದಿಲ್ಲ. ಕಾಗದಕ್ಕೆ ದಮ್ಮು ಬೇಕಾಗಿಲ್ಲ ಎಂದು ಮೊದಲ ಪತ್ರದಲ್ಲಿ ನಾನೇ ಬರೆದಿದ್ದೆ. ಅಲ್ಲೇ ಮೋಸ ಹೋದೆ. ಕಾಗದದಲ್ಲಿ ನೀನು ಪ್ರತಿಯೊಂದು ಮಾತನ್ನೂ ಪೂರ್ತಿ ಮಾಡುತ್ತೀ. ಎಲ್ಲಿ ನಿಂತೆ, ಎಲ್ಲಿ ಗೋಡೆ ಹಿಡಿದೆ ಎಂಬುದು ನನಗೆ ಕಾಣುವುದಿಲ್ಲ. ನೀನು ಬಾಗಿಲು ಹಾಕಿಕೊಂಡು ಬಿದ್ದಿದ್ದಾಗಲೂ ನಾನು ನಿನ್ನ ಹಳೆಯ ಪತ್ರ ತೆಗೆದು, ‘ಮೆಟ್ಟಿಲುಗಳ ತನಕ ನಿಲ್ಲದೆ ನಡೆದೆ’ ಎಂಬ ಸಾಲನ್ನು ಅವ್ವನಿಗೆ ಓದಿ ಹೇಳುತ್ತಿದ್ದೆ.

ಶನಿವಾರ ಬೆಳಿಗ್ಗೆ ಫೋನು ಮಾಡು. ಮಾತು ಅರ್ಧಕ್ಕೆ ನಿಂತರೆ ನಿಲ್ಲಲಿ. ಕೆಮ್ಮು ಬಂದರೆ ಕೆಮ್ಮು, ಅತ್ತೆಯ ಕೈಗೆ ಫೋನು ಕೊಡಬೇಡ. ನಾನು ಕೇಳುತ್ತಾ ಇರುತ್ತೇನೆ. ನಾನು ಸುಮ್ಮನಿದ್ದಾಗ ನೀನೂ ಕಿವಿಗೊಟ್ಟು ಕೇಳು, ನನ್ನ ಉಸಿರು ಹೇಗಿದೆ ಎಂದು.

ನಿನ್ನ ಮಗಳು
ಗುಲನಾಜ